ಪ್ರಭುದೇವನ ಹ್ಯಾಂಡಲ್ ಗಿಟಾರು

ತುಮಕೂರಿನಲ್ಲಿ ಪ್ರಭುದೇವ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಆ ಹೆಸರಿನವರು ಬೀದಿಗಿಬ್ಬರು ಸಿಗುತ್ತಾರೆ. ‘ಮೀಟರ್ ಪ್ರಭುದೇವ’ ಎಂದರೆ ಶೆಟ್ಟಿಹಳ್ಳಿ ಕಡೆಯ ಮನೆಗಳವರೆಲ್ಲ ತಲೆಯಾಡಿಸುತ್ತಾರೆ. ‘ಗಿಟಾರ್ ಪ್ರಭು’ ಎಂದರೆ ಐವತ್ತು ದಾಟಿದ ಕೆಲವರ ಮುಖ ಅರಳುತ್ತದೆ. ಇಬ್ಬರೂ ಒಬ್ಬನೇ ಮನುಷ್ಯ. ಹಗಲು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವುದು, ಹಬ್ಬದ ಸೀಸನ್ ಬಂತೆಂದರೆ ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವುದು, ಹೀಗೆ ಅವನ ಅರ್ಧ ಆಯುಷ್ಯ ಕಳೆಯಿತು. ಮೀಟರಿನ ಕೆಲಸದಿಂದ ನಿವೃತ್ತನಾದಾಗ ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಬಂದವು. ಗಿಟಾರಿನಿಂದ ಅವನು ಅದಕ್ಕೂ ಎಷ್ಟೋ ಮೊದಲೇ ನಿವೃತ್ತನಾಗಿದ್ದ. ಅದಕ್ಕೆ ಯಾರೂ ಹಾರ ಹಾಕಲಿಲ್ಲ.

ಮನುಷ್ಯ ಸಂತೃಪ್ತ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಸಂತೃಪ್ತರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಅವನ ಹೆಂಡತಿ ಉಮಾಮಹೇಶ್ವರಿಯನ್ನು ಕೇಳಬೇಕು. ಸಾರಿಗೆ ಉಪ್ಪು ಕಡಿಮೆಯಾದರೆ “ಬೀಪಿಗೆ ಒಳ್ಳೇದು ಬಿಡು” ಎನ್ನುತ್ತಾನೆ. ಜಾಸ್ತಿಯಾದರೆ “ಬಿಸಿಲಲ್ವಾ, ಬೆವರಲ್ಲಿ ಹೋಗುತ್ತೆ” ಎನ್ನುತ್ತಾನೆ. ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವ ಉಮಾಮಹೇಶ್ವರಿ ಒಂದೊಂದು ಸಲ ಹೊಲಿಗೆ ಮೆಷಿನ್ನಿನ ಮುಂದೆ ಕೂತೇ ಗೊಣಗುತ್ತಾಳೆ: “ಈ ಮನುಷ್ಯಂಗೆ ಸಿಟ್ಟು ಬರ್ಸಿದೋರಿಗೆ ಒಂದು ಸೀರೆ ಕೊಡ್ತೀನಿ.” ಆ ಸೀರೆಯನ್ನು ಇವತ್ತಿನವರೆಗೂ ಯಾರೂ ಗೆದ್ದಿಲ್ಲ.

ಇಂಥ ಮನುಷ್ಯನಿಗೂ ಒಂದು ಕೊರಗಿತ್ತು. ಅದು ಗಿಟಾರಿನದು.

ಜಪಾನಿನಲ್ಲಿ ಮಾಡಿದ ಎಲೆಕ್ಟ್ರಿಕ್ ಗಿಟಾರು ಅದು. ತಲೆಯ ಮೇಲಿನ ಕಂಪನಿಯ ಹೆಸರು ಉಜ್ಜಿಹೋಗಿ ಕೊನೆಯ ಅಕ್ಷರದ ಬಾಲ ಮಾತ್ರ ಉಳಿದಿದೆ. ಬೆಂಗಳೂರಿನ ಹೋಟೆಲುಗಳಲ್ಲಿ ಬಾರಿಸುತ್ತಿದ್ದ ಮುದುಕನೊಬ್ಬ ಕೈ ನಡುಗಲು ಶುರುವಾದ ಮೇಲೆ ಇವನಿಗೆ ದಾಟಿಸಿದ ಮಾಲು. ಆಗಲೇ ಅದು ಹಳೆಯದು. ಈಗ ನೋಡಿದವರು ‘ವಿಂಟೇಜ್’ ಎನ್ನುತ್ತಾರೆ. “ವಯಸ್ಸಾದ್ಮೇಲೆ ಎಲ್ಲರ್ಗೂ ಒಂದು ಒಳ್ಳೆ ಹೆಸರು ಸಿಗುತ್ತೆ” ಎಂದು ಪ್ರಭುದೇವ ನಗುತ್ತಾನೆ. ಅದರ ವಿಶೇಷವೆಂದರೆ ತಂತಿಗಳು ಕೆಳಗಡೆ ಕೂರುವ ಲೋಹದ ಪಟ್ಟಿ, ಬ್ರಿಡ್ಜು. ಬೇರೆ ಗಿಟಾರುಗಳಲ್ಲಿ ಅದು ಅಲುಗಾಡದೆ ಕೂತಿರುತ್ತದೆ. ಇದರಲ್ಲಿ ತೇಲುತ್ತದೆ. ಮುಂದುಗಡೆ ಆರು ತಂತಿಗಳು ಅದನ್ನು ಒಂದು ಕಡೆಗೆ ಎಳೆಯುತ್ತವೆ; ಗಿಟಾರಿನ ಬೆನ್ನಿನ ಗೂಡಿನೊಳಗೆ ಮೂರು ಸ್ಪ್ರಿಂಗುಗಳು ಇನ್ನೊಂದು ಕಡೆಗೆ ಎಳೆಯುತ್ತವೆ. ಎರಡರ ಎಳೆತ ಸಮವಾದಾಗ ಬ್ರಿಡ್ಜು ನಡುವೆ ನಿಲ್ಲುತ್ತದೆ. ಅದಕ್ಕೆ ಒಂದು ಬಾಗಿದ ಕಡ್ಡಿ ಸಿಕ್ಕಿಸಿದ್ದಾರೆ. ಆರ್ಕೆಸ್ಟ್ರಾದವರು ಅದನ್ನು ಹ್ಯಾಂಡಲ್ ಎಂದೇ ಕರೆಯುತ್ತಿದ್ದರು. ಹ್ಯಾಂಡಲ್ ಮೆಲ್ಲಗೆ ಒತ್ತಿದರೆ ತಂತಿಗಳು ಸಡಿಲವಾಗಿ ಸ್ವರ ಕೆಳಗೆ ಜಾರುತ್ತದೆ, ಬಿಟ್ಟರೆ ನಡುಗುತ್ತ ಮೇಲೆ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಕೇಳಿದವರ ಎದೆಯಲ್ಲಿ ಏನೋ ಒಂದು ಜಾರಿ ಮತ್ತೆ ಕೂತ ಹಾಗಾಗುತ್ತದೆ. ಆ ಕಾಲಕ್ಕೆ ಜಿಲ್ಲೆಯಲ್ಲೆಲ್ಲ ಹ್ಯಾಂಡಲ್ ಗಿಟಾರು ಇದ್ದದ್ದು ಇವನೊಬ್ಬನ ಹತ್ತಿರ, ಅಥವಾ ಹಾಗೆಂದು ಇವನ ತಂಡದವರು ಪೋಸ್ಟರಿನಲ್ಲಿ ಹಾಕಿಸುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಉಮಾಮಹೇಶ್ವರಿಗೆ ಅದನ್ನು ಕೇಳಿಸಬೇಕೆಂದು ಪ್ರಭುದೇವನಿಗೆ ಬಹಳ ಆಸೆ. ಅಡ್ಡ ನಿಂತದ್ದು ಅವನ ತಾಯಿ ಚೆನ್ನಮ್ಮ. “ಆರ್ಕೆಸ್ಟ್ರಾ ಅಂದ್ರೆ ಗಂಡುಸ್ರು ಶಿಳ್ಳೆ ಹೊಡ್ಯೋ ಜಾಗ. ನಮ್ಮನೆ ಸೊಸೆ ಅಲ್ಲೋಗಿ ಕುಂತ್ಕತಾಳಾ? ಆಗಾಕಿಲ್ಲ” ಎಂದುಬಿಟ್ಟಳು. ಇವನು ತನ್ನ ಸ್ವಭಾವದಂತೆ “ಹೋಗ್ಲಿ ಬಿಡು” ಎಂದ. ಆಂಪ್ಲಿಫೈಯರ್ ತಂಡದವರ ಹತ್ತಿರ ಇರುತ್ತಿತ್ತು. ಮನೆಯಲ್ಲಿ ಅಭ್ಯಾಸ ಮಾಡುವಾಗ ಉಮಾಮಹೇಶ್ವರಿಗೆ ಅಡುಗೆಮನೆಯಲ್ಲಿ ಕೇಳಿಸುತ್ತಿದ್ದದ್ದು ಬರೀ ತಂತಿಯ ಸದ್ದು, ಡಬ್ಬದಲ್ಲಿ ಸಿಕ್ಕಿಕೊಂಡ ಜೀರುಂಡೆಯ ಹಾಗೆ. ಒಂದು ದಿನ ಅವಳು ಕೇಳಿದಳು: “ನಿಮ್ಮ ಗಿಟಾರು ಇಷ್ಟೇನಾ ಕೇಳೋದು?”

“ಸ್ಟೇಜ್ ಮೇಲೆ ಬೇರೆ ಥರ ಕಣೇ. ಒಂದ್ಸಲ ಕೇಳಿಸ್ತೀನಿ ನಿಂಗೆ.”

“ನೋಡೋಣ” ಎಂದು ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು. ಆ ‘ಒಂದ್ಸಲ’ ಬರಲೇ ಇಲ್ಲ.

ಬರದೇ ಹೋದದ್ದಕ್ಕೆ ಚೆನ್ನಮ್ಮನೊಬ್ಬಳೇ ಕಾರಣವಲ್ಲ. ಕುಣಿಗಲ್ಲಿನಲ್ಲಿ ಗಣೇಶನ ಹಬ್ಬದ ಒಂದು ಕಾರ್ಯಕ್ರಮ. ಮೈದಾನದ ತುಂಬ ಜನ. ಪ್ರಭುದೇವ ಒಬ್ಬನೇ ಬಾರಿಸಬೇಕಾದ ಭಾಗ ಬಂದಾಗ, ಹ್ಯಾಂಡಲ್ ಒತ್ತುತ್ತಿದ್ದಂತೆ ಒಂದು ತಂತಿ ಪಟ್ಟೆಂದು ಕಿತ್ತುಹೋಯಿತು. ಸಾಮಾನ್ಯ ಗಿಟಾರಿನಲ್ಲಿ ಒಂದು ತಂತಿ ಹೋದರೆ ಉಳಿದ ಐದರಲ್ಲಿ ಹೇಗೋ ಸಂಭಾಳಿಸಬಹುದು. ತೇಲುವ ಬ್ರಿಡ್ಜಿನಲ್ಲಿ ಆ ದಾರಿಯಿಲ್ಲ. ತಂತಿಗಳ ಕಡೆಯ ಬಲ ಕಡಿಮೆಯಾದ ಕೂಡಲೇ ಸ್ಪ್ರಿಂಗುಗಳು ಬ್ರಿಡ್ಜನ್ನು ಹಿಂದಕ್ಕೆಳೆದುಕೊಂಡವು, ಉಳಿದ ಐದೂ ತಂತಿಗಳ ಸ್ವರ ಒಂದೇ ಏಟಿಗೆ ಮೇಲಕ್ಕೇರಿ ಎಲ್ಲ ಅಪಸ್ವರ. ಜನ ಹೋ ಎಂದು ಕೂಗಿದರು. ಯಾರೋ ಕಡಲೆಕಾಯಿ ಪೊಟ್ಟಣ ಎಸೆದರು. ಪ್ರಭುದೇವ ತಂತಿಗಳ ಮೇಲೆ ಅಂಗೈ ಇಟ್ಟು ತಲೆ ತಗ್ಗಿಸಿ ನಿಂತ. ವ್ಯಾನಿನಲ್ಲಿ ವಾಪಸ್ ಬರುವಾಗ ಅವನಿಗಿದ್ದ ಸಮಾಧಾನ ಒಂದೇ: ಸದ್ಯ, ಉಮಾ ನೋಡಲಿಲ್ಲ.

ಹೊಸ ತಂತಿ ಹಾಕಿದ. ಆದರೆ ಆ ವರ್ಷದ ದಸರಾ ಕಳೆದ ಮೇಲೆ ಗಿಟಾರಿಗೆ ಏನಾಯಿತೋ, ಹ್ಯಾಂಡಲ್ ಒತ್ತಿ ಬಿಟ್ಟರೆ ಸ್ವರ ಪೂರ್ತಿ ವಾಪಸ್ ಬರುವುದೇ ಇಲ್ಲ. ಸರಿಮಾಡಿಕೊಂಡು ಮತ್ತೆ ಒತ್ತಿದರೆ ಮತ್ತೆ ಅಷ್ಟೇ. ಕೊನೆಗೆ ಅವನು ಬಡಗಿಯ ಹತ್ತಿರ ಹಲಸಿನ ಮರದ ಒಂದು ಸಣ್ಣ ಬೆಣೆ ಮಾಡಿಸಿ, ಬೆನ್ನಿನ ಗೂಡಿನೊಳಗೆ ಬಡಿದು, ತೇಲುವ ಬ್ರಿಡ್ಜು ಅಲುಗಾಡದಂತೆ ಕೂರಿಸಿಬಿಟ್ಟ. ಹ್ಯಾಂಡಲ್ ಬಿಚ್ಚಿ ಡ್ರಾಯರಿಗೆ ಹಾಕಿದ. ಹ್ಯಾಂಡಲ್ ಇಲ್ಲದ ಹ್ಯಾಂಡಲ್ ಗಿಟಾರನ್ನೇ ಕೆಲವು ವರ್ಷ ಬಾರಿಸಿದ. ಆಮೇಲೆ ಹಾಡಿನ ಟ್ರ್ಯಾಕುಗಳನ್ನು ಪೆನ್‌ಡ್ರೈವಿನಲ್ಲಿ ತಂದು ಹಾಡುವ ಕಾಲ ಬಂತು, ತಂಡ ಚದುರಿತು. ಚೆನ್ನಮ್ಮನೂ ಹೋದಳು. ಕೇಳಲು ಹೆಂಡತಿಗೆ ಅಡ್ಡಿ ಇಲ್ಲದಾದಾಗ ಕೇಳಿಸಲು ಗಂಡನ ಹತ್ತಿರ ಸ್ಟೇಜು ಇರಲಿಲ್ಲ. ಗಿಟಾರು ಬೀರುವಿನ ಮೇಲೆ ಕೂತಿತು. ವರ್ಷಕ್ಕೊಂದು ಸಲ ಆಯುಧಪೂಜೆಯ ದಿನ ಉಮಾಮಹೇಶ್ವರಿಯೇ ಅದನ್ನು ಇಳಿಸಿ, ಒರೆಸಿ, ಸ್ಕೂಟರು, ಹೊಲಿಗೆ ಮೆಷಿನ್ನು, ಮಿಕ್ಸಿ, ಈಳಿಗೆಮಣೆಗಳ ಜೊತೆ ಪೂಜೆ ಮಾಡಿ ಮತ್ತೆ ಮೇಲಿಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅಡವಿಯಪ್ಪ ಲಗ್ನಪತ್ರಿಕೆ ಹಿಡಿದು ಬಂದ. ಹಳೇ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು. ಈಗ ಗುಬ್ಬಿಯಲ್ಲಿ ಪಂಪ್‌ಸೆಟ್ ಮೋಟರು ಸುತ್ತುವ ಅಂಗಡಿ ಇಟ್ಟಿದ್ದಾನೆ. ಮಗಳು ರೂಪಶ್ರೀಯ ಮದುವೆ.

“ಆರತಕ್ಷತೆಗೆ ಹುಡುಗ್ರು ಟೀಮ್ ಹೇಳಿವ್ನಿ. ಅವ್ರ್ ಪಾಡಿಗೆ ಅವ್ರು ಬಾರ್ಸ್ಕಳ್ಲಿ. ನಡುವ್ನಾಗೆ ಒಂದು ಪೀಸು ನೀನು ಬಾರಿಸ್‌ಬೇಕು ಕಣ್ಲಾ. ಹ್ಯಾಂಡಲ್ ಗಿಟಾರಲ್ಲಿ. ನಾನೇ ಡ್ರಮ್ಸ್‌ಗೆ ಕುಂತ್ಕತೀನಿ.”

“ಹ್ಯಾಂಡಲ್ ಬಿಚ್ಚಿ ಎಷ್ಟು ವರ್ಷ ಆಯ್ತೋ ಮಾರಾಯ. ಈಗ್ಯಾಕೆ?”

ಅಡವಿಯಪ್ಪ ಮೆಷಿನ್ನಿನ ಕಡೆ ತಿರುಗಿದ. “ಅಕ್ಕಾ, ನೀವೇ ಹೇಳಿ. ನೀವು ಒಂದ್ಸಲಾನಾರ ಇವುನ್ ಗಿಟಾರು ಸ್ಟೇಜ್ ಮ್ಯಾಗೆ ಕೇಳಿದೀರಾ? ಫಸ್ಟ್ ರೋನಾಗೆ ಚೇರ್ ಹಾಕ್ಸ್ತೀನಿ.”

ಉಮಾಮಹೇಶ್ವರಿ ಮೆಷಿನ್ ನಿಲ್ಲಿಸದೆ, “ನಂಗೇನ್ ಸಂಗೀತ ಗೊತ್ತಣ್ಣ” ಎಂದಳು. ಆದರೆ ತುಳಿಯುತ್ತಿದ್ದ ಕಾಲು ಒಂದು ಕ್ಷಣ ನಿಂತದ್ದನ್ನು ಪ್ರಭುದೇವ ನೋಡಿದ. ಅವನಿಗೆ ಅಲ್ಲೇ ನಿರ್ಧಾರವಾಗಿಹೋಯಿತು. ಬೇರೆ ಯಾರು ಕೇಳಲಿ ಬಿಡಲಿ, ಇವಳು ಮುಂದಿನ ಸಾಲಿನಲ್ಲಿ ಕೂತು ಒಂದು ಸಲ ಕೇಳಬೇಕು. ಕೇಳುವಾಗ ಆ ಸ್ವರ ಜಾರಿದ್ದು ತನ್ನ ಜಾಗಕ್ಕೆ ವಾಪಸ್ ಬರಬೇಕು. ಇವಳ ಮುಂದೆ ಅಪಸ್ವರ ಆಗಬಾರದು. ಅಷ್ಟೊಂದು ಹಟ ಅವನಿಗೆ ಬಂದದ್ದು ಅದೇ ಮೊದಲು.

ಮುಂದಿನ ಭಾನುವಾರ ಊಟವಾದ ಮೇಲೆ ಗಿಟಾರಿನ ರಿಪೇರಿ ಶುರುವಾಯಿತು. ಸಹಾಯ ಮಾಡುತ್ತೇನೆಂದು ಅಡವಿಯಪ್ಪ ಸ್ಪ್ಯಾನರು, ಕಟಿಂಗ್ ಪ್ಲೇಯರು, ಸ್ಕ್ರೂಡ್ರೈವರುಗಳ ಚೀಲದ ಸಮೇತ ಗುಬ್ಬಿಯಿಂದ ಬಂದ. ಅವನು ಬರದಿದ್ದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು ಎಂಬುದು ಬೇರೆ ಮಾತು. ಚಾಪೆಯ ಮೇಲೆ ಹಳೇ ಬೆಡ್‌ಶೀಟು ಹಾಸಿ ಗಿಟಾರನ್ನು ಬೋರಲು ಮಲಗಿಸಿದರು. ಬೆನ್ನಿನ ಮುಚ್ಚಳ ಬಿಚ್ಚಿ ಬೆಣೆಯನ್ನು ಹೊರಗೆ ತೆಗೆದಾಗ ಪ್ರಭುದೇವನಿಗೆ ಕಾಲಿನ ಮುಳ್ಳು ತೆಗೆದಷ್ಟು ಹಾಯೆನಿಸಿತು. ಹೊಸ ತಂತಿಗಳ ಪೊಟ್ಟಣ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅಡವಿಯಪ್ಪ ಗಿಟಾರನ್ನು ಮಗುಚಿ ಹಳೆಯ ಆರು ತಂತಿಗಳನ್ನೂ ಕಟಿಂಗ್ ಪ್ಲೇಯರಿನಲ್ಲಿ ಟಕಟಕ ಕತ್ತರಿಸಿ ಹಾಕಿದ್ದ. ಸ್ಪ್ರಿಂಗುಗಳಿಗೆ ತಡೆಯುವವರಿಲ್ಲದೆ ಬ್ರಿಡ್ಜು ಧಡ್ ಎಂದು ಒಳಕ್ಕೆ ವಾಲಿಕೊಂಡಿತ್ತು.

“ಕಿತ್ತೋಯ್ತಾ?” ಅಡವಿಯಪ್ಪನ ಮುಖ ಬಿಳಿಚಿತ್ತು.

“ಇಲ್ಲ ಕಣೋ, ಬೆಚ್ಚಬೇಡ. ಒಂದು ತೆಗೆದು ಒಂದು ಹಾಕ್ಬೇಕಿತ್ತು. ಇರ್ಲಿ ಬಿಡು.”

ಇರಲಿ ಬಿಡು ಎಂದವನು ಸಂಜೆಯವರೆಗೂ ಅದರ ಫಲ ಉಂಡ. ಆರು ತಂತಿ ಹಾಕಿ, ಬಿರಡೆ ತಿರುವಿ ಮೊದಲನೆಯದನ್ನು ಸ್ವರಕ್ಕೆ ತಂದ. ಎರಡನೆಯದನ್ನು ಬಿಗಿಯುತ್ತಿದ್ದಂತೆ ಬ್ರಿಡ್ಜು ಒಂದಿಷ್ಟು ಮುಂದಕ್ಕೆ ಬಂದು ಮೊದಲನೆಯದು ಇಳಿಯಿತು. ಮೂರನೆಯದಕ್ಕೆ ಎರಡೂ ಇಳಿದವು. ಕೂಡು ಕುಟುಂಬದಲ್ಲಿ ಒಬ್ಬ ಸೊಸೆಗೆ ಸೀರೆ ತಂದರೆ ಉಳಿದವರ ಮುಖ ಊದಿಕೊಳ್ಳುತ್ತದಲ್ಲ, ಥೇಟ್ ಹಾಗೆ. ಸುತ್ತು ಬಂದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕೊನೆಗೆ ಆರೂ ಸ್ವರಕ್ಕೆ ಬಂದಾಗ ನೋಡಿದರೆ ಬ್ರಿಡ್ಜು ಹಾವಿನ ಹೆಡೆಯ ಹಾಗೆ ಮೇಲಕ್ಕೆದ್ದು ನಿಂತಿದೆ.

“ಎಲ್ಲಾ ಸ್ಪ್ರಿಂಗ್ ವೀಕ್ ಆಗಿರೋ ಪ್ರಾಬ್ಲಂ” ಎಂದು ಅಡವಿಯಪ್ಪ ತೀರ್ಪು ಕೊಟ್ಟ. ಚೀಲದಿಂದ ಎಲ್ಲಿಯದೋ ಎರಡು ಸ್ಪ್ರಿಂಗು ತೆಗೆದು ಮೂರರ ಜೊತೆಗೆ ಸೇರಿಸಿದ. ಬ್ರಿಡ್ಜು ಅಂಟು ಹಾಕಿದಂತೆ ಕೂತುಬಿಟ್ಟಿತು. ಹ್ಯಾಂಡಲ್ ಸಿಕ್ಕಿಸಿ ಒತ್ತಿದರೆ ಊರ ಮುಂದಿನ ಬೋರ್‌ವೆಲ್ ಹೊಡೆದ ಹಾಗೆ. ಪ್ರಭುದೇವ ನಕ್ಕು ಆ ಎರಡನ್ನೂ ಕಳಚಿ ಗೆಳೆಯನ ಕೈಗಿಟ್ಟ. ಗೂಡಿನೊಳಗೆ ಸ್ಪ್ರಿಂಗುಗಳನ್ನು ಹಿಡಿದಿರುವ ಎರಡು ಉದ್ದನೆಯ ಸ್ಕ್ರೂಗಳಿರುತ್ತವೆ. ಅವನ್ನು ಒಂದಿಷ್ಟು ಬಿಗಿಯುವುದು, ಗಿಟಾರು ತಿರುಗಿಸಿ ಆರು ತಂತಿಗಳನ್ನೂ ಮತ್ತೆ ಸ್ವರಕ್ಕೆ ತರುವುದು, ಬ್ರಿಡ್ಜು ಎಷ್ಟು ಇಳಿಯಿತು ನೋಡುವುದು, ಮತ್ತೆ ಒಂದಿಷ್ಟು ಬಿಗಿಯುವುದು. ಅವಸರದವರಿಗೆ ಆಗುವ ಕೆಲಸವಲ್ಲ. ಬ್ರಿಡ್ಜಿನ ಕೆಳಗೆ ಎಷ್ಟು ಸಂದು ಇರಬೇಕೆಂದು ಅವನಿಗೆ ಕಣ್ಣಂದಾಜಿತ್ತು. ಅಳತೆಗೆ ರೂಪಶ್ರೀಯ ಲಗ್ನಪತ್ರಿಕೆಯನ್ನೇ ಒಳಗೆ ತೂರಿಸಿ ನೋಡಿದ. ಅದು ಬಿಗಿಯೂ ಆಗದೆ ಸಡಿಲವೂ ಆಗದೆ ಒಳಗೆ ಹೋದಾಗ “ನಿನ್ ಮಗಳ ಮದುವೆಗೇ ಅಳತೆ ಕೊಟ್ಟು ಮಾಡ್ಸಿದಂಗಿದೆ ನೋಡು” ಎಂದ.

ಆದರೂ ಹ್ಯಾಂಡಲ್ ಒತ್ತಿ ಬಿಟ್ಟರೆ ಹಳೇ ಕಥೆಯೇ. ಸ್ವರ ಇಳಿಯಿತು, ಏರಿತು, ಜಾಗಕ್ಕೆ ಬರುವ ಮೊದಲೇ ನಿಂತಿತು. ಸ್ವರ ಸರಿಯಿದ್ದರೆ ಫೋನಿನ ಟ್ಯೂನರಿನಲ್ಲಿ ಹತ್ತುವ ಹಸಿರು ದೀಪ ಬರಲಿಲ್ಲ. ಬ್ರಿಡ್ಜು ಸರಿಯಿದೆ, ಸ್ಪ್ರಿಂಗು ಸರಿಯಿದೆ, ತಂತಿ ಹೊಸದು. ಮತ್ತೆ ಮತ್ತೆ ಒತ್ತಿದ. ಬೆನ್ನು ನೋಯತೊಡಗಿತು. ಎಂದೂ ಇಲ್ಲದ ಸಿಡಿಮಿಡಿ ಅವನ ಮುಖದಲ್ಲಿ ಕಂಡು ಅಡವಿಯಪ್ಪ ಮಾತು ನಿಲ್ಲಿಸಿದ.

ಬ್ಲೌಸಿನ ಹುಕ್ಕಿಗೆ ಕಾಜಾ ಹೊಲಿಯುತ್ತಿದ್ದ ಉಮಾಮಹೇಶ್ವರಿ ತಲೆಯೆತ್ತಿದಳು. “ರೀ, ನೀವು ಅದನ್ನ ಬಿಟ್ಟಾಗೆಲ್ಲಾ ಮೇಲ್ಗಡೆ ಟಿಕ್ ಅಂತಿದೆ.”

“ಮೇಲ್ಗಡೆನಾ? ರಿಪೇರಿ ಇರೋದು ಕೆಳಗಡೆ ಕಣೇ.”

“ಅದೆಲ್ಲ ನಂಗೊತ್ತಿಲ್ಲ. ಮೆಷಿನ್ನಲ್ಲೂ ಹಂಗೇ ಆಗುತ್ತೆ. ಹೊಲಿಗೆ ಕೆಟ್ರೆ ಕೆಳಗೆ ಬಾಬಿನ್ ನೋಡ್ತಾ ಕೂರ್ತೀವಿ, ದಾರ ಮೇಲೆಲ್ಲೋ ಕಚ್ಕೊಂಡಿರುತ್ತೆ.”

ಪ್ರಭುದೇವ ಮೇಲ್ಗಡೆ ನೋಡಿದ. ಗಿಟಾರಿನ ತಲೆಗೂ ಕತ್ತಿಗೂ ನಡುವೆ ಮೂಳೆಯ ಒಂದು ತೆಳು ಪಟ್ಟಿ ಇದೆ. ಅದರಲ್ಲಿ ಆರು ಸಣ್ಣ ಗೀರುಗಳು. ಒಂದೊಂದು ತಂತಿಯೂ ಒಂದೊಂದು ಗೀರಿನಲ್ಲಿ ಜಾರಿಕೊಂಡು ಬಿರಡೆಗೆ ಹೋಗುತ್ತದೆ. ಹ್ಯಾಂಡಲ್ ಒತ್ತಿದಾಗ ತಂತಿ ಅಲ್ಲಿ ಕೂದಲೆಳೆಯಷ್ಟು ಸರಿಯಬೇಕು, ಬಿಟ್ಟಾಗ ಅಷ್ಟೇ ವಾಪಸ್ ಬರಬೇಕು. ಅವನು ಒಂದು ತಂತಿ ಸಡಿಲಿಸಿ ಗೀರಿನಿಂದ ಎತ್ತಿ ಪಕ್ಕಕ್ಕಿಟ್ಟ. ಉಮಾಳ ಹತ್ತಿರ ಒಂದು ಸೂಜಿ ಇಸಿದುಕೊಂಡು ಗೀರಿನ ತಳ ಕೆರೆದ. ಗಟ್ಟಿಯಾಗಿ ಕಟ್ಟಿಕೊಂಡ ಬಿಳೀ ಪುಡಿ, ಅದರ ಮೇಲೆ ಕೆಂಪು, ಮತ್ತೆ ಬಿಳಿ, ಮತ್ತೆ ಕೆಂಪು. ಬೆರಳಿಗೆ ತೆಗೆದುಕೊಂಡು ಮೂಸಿದ.

ವಿಭೂತಿ. ಮೇಲೆ ಕುಂಕುಮ.

ಆಯುಧಪೂಜೆಯ ದಿನ ಈ ಸೀಮೆಯ ಶಿವಭಕ್ತರ ಮನೆಯಲ್ಲಿ ವಿಭೂತಿ ತಪ್ಪಿಸಿಕೊಂಡ ಸಾಮಾನು ಇರುವುದಿಲ್ಲ. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಮೂರು ಬೆರಳಲ್ಲಿ ಎಳೆದು, ನಡುವೆ ಕುಂಕುಮದ ಬೊಟ್ಟು. ಸ್ಕೂಟರಿಗೆ ಹೆಡ್‌ಲೈಟಿನ ಮೇಲೆ, ಮೆಷಿನ್ನಿಗೆ ಅದರ ನೆತ್ತಿಯ ಮೇಲೆ. ಗಿಟಾರಿಗೆ? ತಲೆಯ ಕೆಳಗೆ, ಕತ್ತಿನ ಮೇಲೆ, ಹಣೆ ಇರಬೇಕಾದ ಜಾಗದಲ್ಲಿ. ಅದೇ ಮೂಳೆಯ ಪಟ್ಟಿ. ನೀರಾದ ವಿಭೂತಿ ಗೀರುಗಳೊಳಗೆ ಇಳಿದು, ಒಣಗಿ, ವರ್ಷವರ್ಷವೂ ಪದರ ಕಟ್ಟಿ, ತಂತಿಯನ್ನು ಹಲ್ಲು ಕಚ್ಚಿ ಹಿಡಿದುಕೊಂಡಿತ್ತು.

ಬಗ್ಗಿ ನೋಡಿದ ಅಡವಿಯಪ್ಪನಿಗೂ ಹೊಳೆಯಿತು. “ಏನ್ಲಾ ಇದು, ಇಬೂ...” ಎಂದು ಬಾಯಿ ತೆರೆಯುವಷ್ಟರಲ್ಲಿ ಪ್ರಭುದೇವ ಅವನ ಪಾದ ತುಳಿದ.

“ಏನಂತೆ?” ಎಂದಳು ಉಮಾಮಹೇಶ್ವರಿ.

“ಧೂಳು. ಹಳೇ ಧೂಳು.”

“ನಾನ್ ಹೇಳ್ಲಿಲ್ವಾ” ಎಂದು ಅವಳು ಬಹಳ ಖುಷಿಯಿಂದ ಕಾಜಾಕ್ಕೆ ವಾಪಸ್ ಹೋದಳು. ಆ ಖುಷಿ ನೋಡಿದ ಮೇಲೆ ನಿಜ ಹೇಳಲು ಪ್ರಭುದೇವನಿಗೆ ಬಾಯಿ ಬರಲಿಲ್ಲ. ಇಷ್ಟು ವರ್ಷ ಭಕ್ತಿಯಿಂದ ಮಾಡಿದ್ದನ್ನು ‘ನೀನೇ ಕೆಡಿಸಿದ್ದು’ ಎಂದು ಯಾವ ಬಾಯಲ್ಲಿ ಹೇಳುವುದು? ಹಳೇ ಬ್ರಶ್ಶಿನಲ್ಲಿ ಗೀರುಗಳನ್ನು ಉಜ್ಜಿ, ಪೆನ್ಸಿಲಿನ ಸೀಸದ ಪುಡಿ ಸವರಿ ನುಣುಪು ಮಾಡಿದ. ತಂತಿ ಕೂರಿಸಿ ಹ್ಯಾಂಡಲ್ ಒತ್ತಿದ. ಸ್ವರ ಇಳಿಯಿತು, ಬಿಟ್ಟ, ನಡುಗುತ್ತ ಮೇಲೆ ಬಂದು ಹಸಿರು ದೀಪದ ಮೇಲೆ ಕೂತಿತು. ಇನ್ನೊಂದು ಸಲ ಒತ್ತಿದ. ಮತ್ತೆ ಹಸಿರು. ಪ್ರಭುದೇವನಿಗೆ ಅಳುವಷ್ಟು ಸಂತೋಷವಾಯಿತು. ಅಳಲಿಲ್ಲ, ಅಡವಿಯಪ್ಪ ಅತ್ತ.

ಮದುವೆಯ ದಿನದವರೆಗೂ ಮನೆಯಲ್ಲಿ ಹಬ್ಬ. ತಂಡದ ಹುಡುಗರಿಂದ ಒಂದು ಆಂಪ್ಲಿಫೈಯರ್ ತರಬಹುದಿತ್ತು, ಬೇಡವೆಂದ. ಮೊದಲ ಸಲ ಸ್ಟೇಜಿನ ಮೇಲೇ ಕೇಳಲಿ ಎಂದು ಅವನ ಆಸೆ.

ಆರತಕ್ಷತೆಯ ದಿನ ಮಧ್ಯಾಹ್ನ ಅಡವಿಯಪ್ಪ ಕಳಿಸಿದ ಕಾರು ಬಾಗಿಲಿಗೆ ಬಂದು ನಿಂತಿತು. ಪ್ರಭುದೇವ ಗಿಟಾರನ್ನು ಚೀಲಕ್ಕೆ ಹಾಕಬೇಕೆನ್ನುವಾಗ ದೇವರ ಕೋಣೆಯಿಂದ ಉಮಾಮಹೇಶ್ವರಿ ಬಂದಳು. ಎಡಗೈಯಲ್ಲಿ ವಿಭೂತಿ ಗಟ್ಟಿ. ಬಲಗೈಯ ಮೂರು ಬೆರಳು ಒದ್ದೆ.

“ಇರಿ, ಹಂಗೇ ತಗೊಂಡ್ ಹೋಗ್ಬೇಡಿ. ಎಷ್ಟು ವರ್ಷದ ಮೇಲ್ ಆಚೆ ಹೋಗ್ತಿದೆ.”

ಪ್ರಭುದೇವ ಗಿಟಾರಿನ ತಲೆಯನ್ನು ಹಿಂದಕ್ಕೆಳೆದುಕೊಂಡ. “ಕೆಳಗಡೆ ಹಚ್ಚು ಉಮಾ. ಇಲ್ಲಿ, ಹೊಟ್ಟೆ ಮೇಲೆ.”

“ಹಣೆಗ್ ಹಚ್ಚೋದನ್ನ ಹೊಟ್ಟೆಗ್ ಹಚ್ಚಕ್ಕಾಗುತ್ತಾ? ತಮಾಷೆನಾ?” ಅವಳ ಬೆರಳು ಮೂಳೆಯ ಪಟ್ಟಿಯ ಹತ್ತಿರ ಬಂದೇಬಿಟ್ಟಿತು.

ಸುಮ್ಮನಿದ್ದರೆ ಸಂಜೆ ಅವಳೆದುರಿಗೇ ಅಪಸ್ವರ. ಹೇಳಿದರೆ ಅವಳ ಮನಸ್ಸಿಗೆ ನೋವು. ‘ಹೋಗ್ಲಿ ಬಿಡು’ ಎಂದು ಬದುಕು ಕಳೆದವನಿಗೆ ಆ ಮಾತು ಇವತ್ತು ನಾಲಿಗೆಗೆ ಬರಲಿಲ್ಲ. ಅವಳ ಮಣಿಕಟ್ಟು ಹಿಡಿದ.

“ಅಲ್ಲಿ ಬೇಡ ಕಣೇ. ಅವತ್ತು ಧೂಳು ಅಂದ್ನಲ್ಲ. ಅದು ಧೂಳಲ್ಲ.”

 ತನ್ನ ಬೆರಳು ನೋಡಿಕೊಂಡಳು, ಗಿಟಾರು ನೋಡಿದಳು. “ಇದಾ?”

“ಹೂಂ.”

“ಇಷ್ಟು ವರ್ಷಾನೂ ಅದು ಸರಿಯಾಗಿ ನುಡೀದೆ ಇದ್ದಿದ್ದು ಇದಕ್ಕಾ?”

ಪ್ರಭುದೇವ ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಅವಳು ಕೈ ಬಿಡಿಸಿಕೊಂಡು ಹೋಗಿ ನಲ್ಲಿಯಲ್ಲಿ ಬೆರಳು ತೊಳೆದಳು. ಸೀರೆ ಬದಲಾಯಿಸಿ ಬಂದು ಮಾತಿಲ್ಲದೆ ಕಾರು ಹತ್ತಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಬ್ಬರ ನಡುವೆ ಗಿಟಾರು ಕೂತಿತ್ತು. ಗುಬ್ಬಿ ಗೇಟ್ ದಾಟಿ, ಹೆಗ್ಗೆರೆ ದಾಟಿ, ರಸ್ತೆಯ ಎರಡೂ ಕಡೆ ತೆಂಗಿನ ತೋಟಗಳು ಶುರುವಾಗುವವರೆಗೂ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ಆಮೇಲೆ ಮುಖ ತಿರುಗಿಸದೆಯೇ ಹೇಳಿದಳು: “ಕುಣಿಗಲ್‌ಗೆ ನಾನೂ ಬಂದಿದ್ದೆ.”

“ಯಾವಾಗ?”

“ನಿಮ್ ಆರ್ಕೆಸ್ಟ್ರಾಗೆ. ಗೌರಿ ಹಬ್ಬಕ್ಕೆ ಮಾರ್ಕೋನಹಳ್ಳಿಗೆ, ತವರಿಗೆ ಹೋಗಿದ್ನಲ್ಲ. ಬಳೆ ತೊಡಿಸ್ಕೊಂಡ್ ಬರ್ತೀವಿ ಅಂತ ಸುಳ್ಳು ಹೇಳಿ ಅತ್ತಿಗೇನ ಕರ್ಕೊಂಡು ಬಸ್ ಹತ್ತಿದ್ದೆ. ಸೆರಗು ತಲೆ ಮೇಲೆ ಎಳ್ಕೊಂಡು ಕೊನೇಲಿ ನಿಂತಿದ್ದೆ. ನಮ್ಮತ್ತೆಗೆ ಗೊತ್ತಾದ್ರೆ ಅಂತ ಭಯ.”

ಪ್ರಭುದೇವ ಪೂರ್ತಿ ಅವಳ ಕಡೆ ತಿರುಗಿದ. “ತಂತಿ ಕಿತ್ತಿದ್ದು ನೋಡಿದ್ಯಾ?”

“ತಂತಿ ಗಿಂತಿ ನಂಗೇನ್ ಗೊತ್ತು. ನಿಮ್ ಮುಖ ನೋಡ್ದೆ. ಜನ ಕೂಗ್ತಿದ್ರು, ನೀವು ತಲೆ ತಗ್ಗಿಸ್ಕೊಂಡ್ ನಿಂತಿದ್ರಿ. ಯಾರ್ದೋ ಕಣ್ಣು ಬಿದ್ದಿದೆ ಅನ್ನಿಸ್ತು. ಆ ವರ್ಷ ಆಯುಧಪೂಜೆಗೆ ಗಿಟಾರಿನ ಹಣೆಗೆ ದಪ್ಪಗೆ ಹಚ್ದೆ. ಅಲ್ಲಿಂದ ಒಂದ್ ವರ್ಷಾನೂ ತಪ್ಪಿಸ್ಲಿಲ್ಲ. ನನ್ ಗಂಡ ಇನ್ನೊಂದ್ಸಲ ಹಂಗೆ ನಿಲ್ಬಾರ್ದು ಅಂತ.” ಅವಳ ದನಿ ಒಡೆಯಿತು. “ನೋಡಿದ್ರೆ ನಾನೇ ಕಚ್ಚಿ ಹಿಡ್ಕೊಂಡಿದ್ದೆ.”

“ಯಾಕೆ ಹೇಳ್ಲಿಲ್ಲ ಬಂದಿದ್ದೆ ಅಂತ?”

“ನೀವ್ ಹೇಳಿದ್ರಾ ಹಿಂಗಾಯ್ತು ಅಂತ?”

 ಉಮಾ ನೋಡಲಿಲ್ಲ ಎಂಬ ಆ ಒಂದು ಸಮಾಧಾನವನ್ನು ಅವನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ. ಅದು ಈಗ ಹೋಯಿತು. ಹೋದದ್ದಕ್ಕೆ ದುಃಖವಾಗಬೇಕಿತ್ತು, ಆಗಲಿಲ್ಲ. ತಲೆ ತಗ್ಗಿಸಿ ನಿಂತಾಗ ತಾನು ಒಬ್ಬನೇ ಇರಲಿಲ್ಲ, ಆ ಗಲಾಟೆಯ ಕೊನೆಯಲ್ಲಿ ಒಬ್ಬಳು ತನ್ನ ಕಡೆಯವಳು ನಿಂತಿದ್ದಳು ಎಂದು ತಿಳಿದು ಅವನ ಮೈ ಹಗುರವಾಯಿತು. ಇದನ್ನು ಅವಳಿಗೆ ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು ಮತ್ತೆ ಕಿಟಕಿಯ ಕಡೆ ತಿರುಗಿದ್ದಳು, ಕಾರು ಕಲ್ಯಾಣ ಮಂಟಪದ ಮುಂದೆ ನಿಂತಿತ್ತು. ಸಿಟ್ಟೋ ದುಃಖವೋ ಅವನಿಗೆ ತಿಳಿಯಲಿಲ್ಲ. ಕೇಳುವ ಮನಸ್ಸೇ ಅವಳಿಗೆ ಹೋಗಿರಬಹುದು ಎಂಬ ಭಯ ಮಾತ್ರ ಹಿಡಿದುಕೊಂಡಿತು.

ಆರತಕ್ಷತೆಗಳಲ್ಲಿ ಯಾರೂ ಸಂಗೀತ ಕೇಳುವುದಿಲ್ಲ. ಇದು ಪ್ರಭುದೇವನಿಗೆ ಗೊತ್ತಿಲ್ಲದ್ದಲ್ಲ. ಅರ್ಧ ಜನ ಉಡುಗೊರೆ ಹಿಡಿದು ಹೆಣ್ಣುಗಂಡಿನ ಮುಂದೆ ಸಾಲುಗಟ್ಟಿರುತ್ತಾರೆ, ಉಳಿದರ್ಧ ಊಟದ ಮನೆಯ ಬಾಗಿಲ ಮೇಲೆ ಕಣ್ಣಿಟ್ಟಿರುತ್ತಾರೆ. ಅಡವಿಯಪ್ಪ ಹೇಳಿದಂತೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದ. ಉಮಾಮಹೇಶ್ವರಿ ತೊಡೆಯ ಮೇಲೆ ಬ್ಯಾಗ್ ಇಟ್ಟುಕೊಂಡು ಕೂತಿದ್ದಳು. ಮುಖದಲ್ಲಿ ಏನೂ ಕಾಣಲಿಲ್ಲ. ಹುಡುಗರು ನಾಲ್ಕು ಹಾಡು ಮುಗಿಸಿ ಜಾಗ ಬಿಟ್ಟುಕೊಟ್ಟರು. ರೇಷ್ಮೆ ಪಂಚೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿಕೊಂಡು ಹೆಣ್ಣಿನ ಅಪ್ಪ ಡ್ರಮ್ಸ್ ಹಿಂದೆ ಕೂತದ್ದನ್ನು ನೋಡಿ ಬೀಗರ ಕಡೆಯವರು ಮುಖ ಮುಖ ನೋಡಿಕೊಂಡರು.

ಪ್ರಭುದೇವ ಒಂದು ಹಳೇ ನಿಧಾನದ ಹಾಡಿನ ಧಾಟಿ ಎತ್ತಿಕೊಂಡ. ಮೊದಲು ಬೆರಳು ತಡವರಿಸಿತು, ಆಮೇಲೆ ದಾರಿ ನೆನಪಾಯಿತು. ಪ್ರತಿ ಸಾಲಿನ ಕೊನೆಗೆ ಹ್ಯಾಂಡಲ್ ಮೆಲ್ಲಗೆ ಒತ್ತಿ ಬಿಟ್ಟ. ಪ್ರತಿ ಸಲವೂ ಸ್ವರ ಜಾರಿ, ನಡುಗಿ, ತನ್ನ ಜಾಗಕ್ಕೆ ಬಂದು ಕೂತಿತು. ಕೊನೆಯ ಸ್ವರವನ್ನು ಅವನು ತಂತಿ ಸಡಿಲವಾಗುವಷ್ಟು ಕೆಳಗೆ ಒಯ್ದ. ಅಲ್ಲಿ ಒಂದಿಷ್ಟು ಹೊತ್ತು ನಿಂತ. ಬಿಟ್ಟ. ಅದು ಅಲುಗುತ್ತ, ಏರುತ್ತ, ಒಂದು ಎಳೆಯೂ ತಪ್ಪದೆ ಮೇಲೆ ಬಂತು.

ಸದ್ದು ಅಡಗಿತು. ಯಾರೋ ಇಬ್ಬರು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಫೋಟೋದವನು “ಸ್ಮೈಲ್ ಸರ್” ಎನ್ನುತ್ತಿದ್ದ. ಎರಡನೇ ಪಂಕ್ತಿಗೆ ಬಾಗಿಲು ತೆರೆಯಿತೆಂದು ಜನ ಎದ್ದರು. ಪ್ರಭುದೇವ ತಲೆಯೆತ್ತದೆ ಗಿಟಾರಿನ ಪಟ್ಟಿ ಹೆಗಲಿಂದ ಇಳಿಸಲು ಕೈ ಹಾಕಿದ.

“ಒನ್ಸ್ ಮೋರ್!”

ಇಡೀ ಮಂಟಪ ತಿರುಗಿ ನೋಡಿತು. ಊಟಕ್ಕೆ ಹೊರಟವರು ನಿಂತರು, ಹೆಣ್ಣುಗಂಡು ಫೋಟೋ ಬಿಟ್ಟು ಇತ್ತ ನೋಡಿದರು. ಅದು ಯಾರ ದನಿ ಎಂದು ಪ್ರಭುದೇವನಿಗೆ ತಕ್ಷಣ ಗುರುತು ಸಿಗಲಿಲ್ಲ, ಏಕೆಂದರೆ ಆ ದನಿಯನ್ನು ಅಷ್ಟು ಜೋರಾಗಿ ಅವನು ಯಾವತ್ತೂ ಕೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ಉಮಾಮಹೇಶ್ವರಿ ಎದ್ದು ನಿಂತಿದ್ದಳು. ಬ್ಯಾಗು ಕೆಳಗೆ ಬಿದ್ದಿತ್ತು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಬೇಕೆಂಬ ನೆನಪೂ ಅವಳಿಗಿರಲಿಲ್ಲ. ಎರಡೂ ಕೈ ಬಾಯಿಯ ಸುತ್ತ ಹಿಡಿದು ಇನ್ನೊಂದು ಸಲ ಕೂಗಿದಳು.

“ಒನ್ಸ್ ಮೋರ್, ಕಣ್ರೀ!”

ಅಡವಿಯಪ್ಪ ಡ್ರಮ್ಸ್ ಕಡ್ಡಿ ಎತ್ತಿದ. ಪ್ರಭುದೇವ ಪಟ್ಟಿ ಮತ್ತೆ ಹೆಗಲಿಗೇರಿಸಿಕೊಂಡು, ಬೇರೆ ಯಾರನ್ನೂ ನೋಡದೆ, ಮೊದಲಿನಿಂದ ಶುರು ಮಾಡಿದ.